ದೋಣಿಯನ್ನು ಕೆಡಿಸುವುದು ನೀರಲ್ಲ

(ಹಳೆ ಅಲ್ಯೂಮಿನಿಯಂ ಮೀನುದೋಣಿಯ ರಿಪೇರಿ ಬಗ್ಗೆ ಮುನಿರಾಬಾದಿನಲ್ಲಿ ಮೀನುಗಾರರು ಮತ್ತು ಐಟಿಐ ಹುಡುಗರ ಮುಂದೆ ಆಡಿದ ಮಾತಿನ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮುಂದೆ ಕೂತಿರುವ ಹಿರಿಯರಿಗೆ ನದಿ ಗೊತ್ತು. ಹಿಂದೆ ಕೂತಿರುವ ಹುಡುಗರಿಗೆ ತಗಡು ಗೊತ್ತು. ನಾನು ತಗಡಿನ ಕಡೆಯವನು. ಬಳ್ಳಾರಿಯಲ್ಲಿ ಲಾರಿ, ಬಸ್ಸಿನ ಬಾಡಿ ಕಟ್ಟುವ ಕೆಲಸದಲ್ಲೇ ಬೆಳೆದವನು. ಹಾಗಾಗಿ ಮೀನು ಎಲ್ಲಿ ಸಿಗುತ್ತದೆ, ಬಲೆ ಹೇಗೆ ಬಿಡಬೇಕು ಅಂತ ನಾನು ಮಾತಾಡುವುದಿಲ್ಲ. ಅದನ್ನು ನೀವೇ ನನಗೆ ಹೇಳಿಕೊಡಬೇಕು.

ಮೊದಲು ಹರಿಗೋಲಿಗೆ ಒಂದು ನಮಸ್ಕಾರ ಹಾಕಿ ಮುಂದೆ ಹೋಗೋಣ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದನ್ನು ನೋಡಿ ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ದುಂಡಗಿದೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಯುತ್ತಾರೆ, ನೆಟ್ಟಗೆ ಹೋಗದೆ ತಿರುಗುತ್ತಲೇ ಇರುತ್ತದೆ ಅಂತ. ಐನೂರು ವರ್ಷದಲ್ಲಿ ಬದಲಾದದ್ದು ಹೆಚ್ಚುಕಡಿಮೆ ಹೊದಿಕೆ ಮಾತ್ರ. ಚರ್ಮ ಹೋಗಿ ಪ್ಲಾಸ್ಟಿಕ್ ಚೀಲ ಮತ್ತು ಡಾಂಬರು ಬಂತು. ಕೆಲವು ಕಡೆ ಫೈಬರ್ ಬಂತು. 2009ರ ಜನವರಿಯಲ್ಲಿ ಆನೆಗೊಂದಿ ಹತ್ತಿರ ಕಟ್ಟುತ್ತಿದ್ದ ಸೇತುವೆ ಕುಸಿದು ಬಿದ್ದ ಮೇಲೂ ಜನರನ್ನು ದಾಟಿಸಿದ್ದು ಹರಿಗೋಲೇ. ರಾಯಚೂರು ಕಡೆ ಕೃಷ್ಣೆಯ ನಡುಗಡ್ಡೆಗಳಾದ ಕುರ್ವಕುಲಾ, ಕುರ್ವಕುರ್ದಾದವರಿಗೂ ಬಹಳ ಕಾಲ ತೆಪ್ಪವೇ ದಾರಿಯಾಗಿತ್ತು.

ಹಾಗಿದ್ದರೆ ಅಲ್ಯೂಮಿನಿಯಂ ದೋಣಿ ಯಾಕೆ ಬೇಕು? ನದಿಗೆ ಬೇಕಾಗಿಲ್ಲ ಅಂತಲೇ ನನ್ನ ಅಭಿಪ್ರಾಯ. ಬಂಡೆಗಳ ನಡುವೆ ಹರಿಗೋಲನ್ನು ಮೀರಿಸುವುದು ಇಲ್ಲ. ಆದರೆ ತುಂಗಭದ್ರಾ ಡ್ಯಾಮಿನ ಹಿನ್ನೀರು ಬೇರೆ ಲೆಕ್ಕ. ತುಂಬಿದಾಗ ಸುಮಾರು 378 ಚದರ ಕಿಲೋಮೀಟರ್ ನೀರು. ಆಷಾಢದ ಗಾಳಿಗೆ ಅಲೆ ಏಳುತ್ತದೆ, ದೂರ ಹೋಗಬೇಕು, ನೆಟ್ಟಗೆ ಹೋಗಬೇಕು, ಬಲೆ, ಮೀನು ಎಲ್ಲ ಹೇರಿಕೊಂಡು ವಾಪಸ್ ಬರಬೇಕು. ಜೊತೆಗೆ ಹೂಳು. 133 ಟಿಎಂಸಿ ಅಂತ ಕಟ್ಟಿದ ಡ್ಯಾಮಿನಲ್ಲಿ ಈಗ ಲೆಕ್ಕಕ್ಕೆ ಸಿಗುವುದು 105.788 ಟಿಎಂಸಿ. ಬೇಸಿಗೆಯಲ್ಲಿ ನೀರು ಇಳಿದಾಗ ಅಂಚಿನಲ್ಲಿ ಮೊಣಕಾಲುದ್ದ ನೀರು, ಕೆಳಗೆ ಕೆಸರು, ಕೆಸರಿನಲ್ಲಿ ಹಳೆ ಮರದ ಬೊಡ್ಡೆ. ಅಲ್ಲಿಗೆ ಹಗುರವಾದ, ತಳ ಚಪ್ಪಟೆ ಇರುವ, ಇಬ್ಬರು ಎತ್ತಿ ದಡಕ್ಕೆ ಎಳೆಯಬಹುದಾದ ದೋಣಿ ಬೇಕು. ಅಲ್ಯೂಮಿನಿಯಂ ಉಪಯೋಗಕ್ಕೆ ಬರುವುದು ಇಲ್ಲಿ. ಒಂದು ಲೀಟರ್ ನೀರಿನಷ್ಟು ಜಾಗದ ಕಬ್ಬಿಣ ಹೆಚ್ಚುಕಡಿಮೆ 7.8 ಕಿಲೋ ತೂಗಿದರೆ ಅಲ್ಯೂಮಿನಿಯಂ 2.7 ಕಿಲೋ ತೂಗುತ್ತದೆ.

ಈ ಲೋಹ ನಮ್ಮ ಅಡಿಗೆಮನೆಗೆ ಬಂದು ಬಹಳ ಕಾಲ ಆಗಿಲ್ಲ. 1886ರಲ್ಲಿ ಅಮೆರಿಕದ ಹಾಲ್, ಫ್ರಾನ್ಸಿನ ಹೆರೂಲ್ ಇಬ್ಬರೂ ಬೇರೆಬೇರೆಯಾಗಿ ಕರೆಂಟಿನಿಂದ ಅಲ್ಯೂಮಿನಿಯಂ ತೆಗೆಯುವ ದಾರಿ ಕಂಡುಹಿಡಿದರು. ಅದಕ್ಕೂ ಮೊದಲು ಅದು ದುಬಾರಿ ಲೋಹ. ದೋಣಿಗೆ ಅದು ದೊಡ್ಡ ಪ್ರಮಾಣದಲ್ಲಿ ಬಂದದ್ದು ವಿಮಾನದ ಮೂಲಕ. 1944ರಲ್ಲಿ ಗ್ರಮ್ಮನ್ ವಿಮಾನ ಕಂಪನಿಯ ವಿಲಿಯಂ ಹಾಫ್‌ಮನ್ ಎನ್ನುವವರು ರಜೆಯಲ್ಲಿ ಮರದ ದೋಣಿ ಹೊತ್ತು ನಡೆದು ಸುಸ್ತಾದರು. ವಿಮಾನದ ತಗಡಿನಲ್ಲೇ ಯಾಕೆ ಮಾಡಬಾರದು ಅಂತ ಯೋಚಿಸಿದರು. ಯುದ್ಧ ಮುಗಿದಾಗ ಯುದ್ಧವಿಮಾನದ ಆರ್ಡರ್ ನಿಂತಿತು, ಕಂಪನಿ ದೋಣಿ ಮಾಡಲು ಶುರುಮಾಡಿತು. ಹಳೆ ಅಲ್ಯೂಮಿನಿಯಂ ದೋಣಿಯ ಮೈತುಂಬಾ ರಿವಿಟ್ (ತಗಡಿಗೆ ತಗಡು ಬಿಗಿಯುವ ಗುಂಡುತಲೆಯ ಮೊಳೆ) ಯಾಕಿದೆ ಅಂತ ಹುಡುಗರು ಕೇಳುತ್ತಾರೆ. ಅದು ವಿಮಾನ ಕಟ್ಟಿದ ಕೈಗಳ ಕೆಲಸ, ಅದಕ್ಕೇ.

ಈಗ ವಿಷಯಕ್ಕೆ ಬರೋಣ. ನಮ್ಮ ಕಡೆ ಇಂಥ ದೋಣಿ ಹೊಸದಾಗಿ ಸಿಗುವುದು ಅಪರೂಪ. ಹರಾಜಿನಲ್ಲಿ ಬರುತ್ತದೆ, ಇಲ್ಲವೇ ಗುಜರಿ ಅಂಗಡಿಯಲ್ಲಿ ಮಗುಚಿ ಬಿದ್ದಿರುತ್ತದೆ. ನಾನು ರಿಪೇರಿ ಮಾಡಿದ ದೋಣಿಯೂ ಗುಜರಿಯದೇ. ಹದಿನಾಲ್ಕು ಅಡಿ ಉದ್ದ, ಮೈಮೇಲೆ ಮೂರು ಬಣ್ಣ, ತಳದಲ್ಲಿ ಡಾಂಬರು, ಹಿಂಬದಿ ಹಲಗೆ ಕೊಳೆತು ಹೋಗಿತ್ತು. ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: ನೀರಲ್ಲಿ ಇದ್ದೂ ಇದ್ದೂ ಹಾಳಾಗಿದೆ.

ಅದು ನಿಜ ಅಲ್ಲ. ಸಿಹಿನೀರು ಅಲ್ಯೂಮಿನಿಯಮ್ಮಿಗೆ ಹೆಚ್ಚೇನೂ ಮಾಡುವುದಿಲ್ಲ. ಗಾಳಿ ತಾಗಿದ ಕ್ಷಣವೇ ಅದರ ಮೇಲೆ ಆಕ್ಸೈಡಿನ ಒಂದು ಪೊರೆ ಬೆಳೆಯುತ್ತದೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ನಾಲ್ಕೈದು ಪಾಲಿನಷ್ಟು ತೆಳು. ಕಬ್ಬಿಣದ ತುಕ್ಕು ಉದುರುತ್ತಾ ಹೋಗುತ್ತದೆ. ಈ ಪೊರೆ ಉದುರುವುದಿಲ್ಲ, ಗೀರು ಬಿದ್ದರೆ ತಾನೇ ಮತ್ತೆ ಮುಚ್ಚಿಕೊಳ್ಳುತ್ತದೆ. ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ಸುಮಾರು 4ರಿಂದ 8.5ರ ಒಳಗೆ ಇರುವ ನೀರಿನಲ್ಲಿ ಅದು ಗಟ್ಟಿಯಾಗಿ ನಿಲ್ಲುತ್ತದೆ. ಹಾಗಾದರೆ ದೋಣಿಯನ್ನು ಕೆಡಿಸುವುದು ಯಾವುದು? ಅದಕ್ಕೆ ನಾವು ಅಂಟಿಸಿದ, ಬಿಗಿದ, ಹಚ್ಚಿದ ಬೇರೆ ವಸ್ತುಗಳು. ಅಲ್ಯೂಮಿನಿಯಂ ಒಳ್ಳೆಯ ಸಂಸಾರಿ. ಅದಕ್ಕೆ ಕಾಟ ಕೊಡುವವರೆಲ್ಲ ನೆರೆಮನೆಯವರು. ಈವತ್ತು ನಾನು ಹೇಳುವುದೆಲ್ಲ ಈ ನೆರೆಮನೆಯವರ ಕಥೆ.

ಮೊದಲನೆಯವನು ತಾಮ್ರ. ಎರಡು ಬೇರೆ ಲೋಹ ಒಂದಕ್ಕೊಂದು ತಾಗಿ, ನಡುವೆ ನೀರು ಇದ್ದರೆ ಅದೇ ಒಂದು ಸಣ್ಣ ಬ್ಯಾಟರಿ. ತಾಮ್ರದ ಜೊತೆಗಿನ ಆ ಬ್ಯಾಟರಿಯಲ್ಲಿ ಸವೆಯುವುದು ಅಲ್ಯೂಮಿನಿಯಂ. ತಾಮ್ರ ಹಾಗೇ ಹೊಳೆಯುತ್ತಾ ಕೂತಿರುತ್ತದೆ. ತಳದಲ್ಲಿ ನೀರು ಬಿಡಲು ಕೊಳಾಯಿ ಅಂಗಡಿಯಿಂದ ಹಿತ್ತಾಳೆಯ ಬಿರಡೆ ತಂದು ಹಾಕುತ್ತಾರೆ. ಒಂದೆರಡು ಮಳೆಗಾಲದಲ್ಲಿ ಅದರ ಸುತ್ತ ಬಿಳಿ ಹಿಟ್ಟಿನಂಥ ಪುಡಿ ಕಾಣುತ್ತದೆ. ಕೆರೆದರೆ ಕೆಳಗೆ ಗುಳಿ. ಪ್ಲಾಸ್ಟಿಕ್ ಬಿರಡೆ ಹಾಕಿ, ಅಷ್ಟೇ ಸಾಕು. ಗಂಗಾಪೂಜೆ ಮಾಡಿ ತಾಮ್ರದ ಚೊಂಬನ್ನು ದೋಣಿಯಲ್ಲೇ ಬಿಟ್ಟು ಬರುವವರಿದ್ದಾರೆ. ಪೂಜೆ ಬೇಡ ಅನ್ನುತ್ತಿಲ್ಲ, ಚೊಂಬು ಮನೆಗೆ ತಗೊಂಡು ಹೋಗಿ. ಬಲೆಯ ಸೀಸದ ಗುಂಡುಗಳೂ ಇದೇ ಜಾತಿ. ಒದ್ದೆ ಬಲೆಯನ್ನು ವಾರಗಟ್ಟಲೆ ಬರೀ ತಳದ ಮೇಲೆ ರಾಶಿ ಹಾಕಬೇಡಿ. ಕೆಳಗೆ ಒಂದು ಪ್ಲಾಸ್ಟಿಕ್ ಕ್ರೇಟ್ ಇಡಿ.

ಎರಡನೆಯವನು ಕಬ್ಬಿಣ. ರಿವಿಟ್ ಬಿದ್ದ ತೂತಿಗೆ ಕಬ್ಬಿಣದ ಬೋಲ್ಟು ಹಾಕಿ ಬಿಗಿಯುವುದು ನಮ್ಮ ಎಲ್ಲ ವರ್ಕ್‌ಶಾಪಿನಲ್ಲೂ ನಡೆಯುವ ಕೆಲಸ. ಬೋಲ್ಟೂ ತುಕ್ಕು ಹಿಡಿಯುತ್ತದೆ, ತೂತೂ ದೊಡ್ಡದಾಗುತ್ತದೆ. ಹಾಕಲೇಬೇಕಾದರೆ ಸ್ಟೇನ್‌ಲೆಸ್ ಬೋಲ್ಟು ಹಾಕಿ. ಕೆಳಗೆ ನೈಲಾನ್ ವಾಷರ್ ಕೊಟ್ಟು, ಸೀಲೆಂಟ್ (ಸಂದಿ ಮುಚ್ಚುವ ಅಂಟು) ಬಳಿದು ಬಿಗಿಯಿರಿ. ಲೋಹಕ್ಕೆ ಲೋಹ ಬರೀಮೈಯಲ್ಲಿ ತಾಗಬಾರದು.

ಮೂರನೆಯವನು ಸುಣ್ಣ, ಸಿಮೆಂಟು, ಕಾಸ್ಟಿಕ್ ಸೋಡಾ. ಇವರು ಆ ಕಾಪಾಡುವ ಪೊರೆಯನ್ನೇ ತಿಂದುಬಿಡುತ್ತಾರೆ. ಬಣ್ಣ ಬಿಡಿಸಲು ಕಾಸ್ಟಿಕ್ ಹಾಕಿದರೆ ಗುಳುಗುಳು ಅಂತ ಗುಳ್ಳೆ ಬರುತ್ತದೆ. ನೋಡಲು ಚೆಂದ. ಬರುತ್ತಿರುವುದು ಹೈಡ್ರೋಜನ್, ಕರಗುತ್ತಿರುವುದು ನಿಮ್ಮ ದೋಣಿ. ಬೀಡಿ ಹಚ್ಚಿದವರು ಪಕ್ಕದಲ್ಲಿದ್ದರೆ ಇನ್ನೂ ಅಪಾಯ. ಹಸಿ ಸಿಮೆಂಟು ನೆಲದ ಮೇಲೆ ದೋಣಿ ಮಗುಚಿಡುವುದೂ ಬೇಡ.

ನಾಲ್ಕನೆಯದು ಒದ್ದೆ ಮರ, ಒದ್ದೆ ಗೋಣಿಚೀಲ, ಒದ್ದೆ ಕಾರ್ಪೆಟ್. ಗಾಳಿಯಾಡದೆ ನೀರು ಹಿಡಿದಿಟ್ಟರೆ ಅಲ್ಲಿ ಗುಳಿ ಬೀಳುತ್ತದೆ. ಇದು ನಿಧಾನ, ಆದರೆ ಜಾಸ್ತಿ ದೋಣಿಗಳು ಹೋಗಿರುವುದು ಇದರಿಂದಲೇ.

ಹುಡುಗರೇ, ರಿಪೇರಿ ಅಂದರೆ ಮೊದಲು ಬಿಚ್ಚುವ ಕೆಲಸ. ಸೀಟಿನ ಮೇಲಿನ ಹಲಗೆ, ತಳದ ಹಲಗೆ, ಕೊಕ್ಕೆ, ಹಳೆ ವೈರು ಎಲ್ಲ ತೆಗೆಯಿರಿ. ಬಿಚ್ಚುವಾಗಲೇ ಫೋಟೋ ಹೊಡೆದಿಟ್ಟುಕೊಳ್ಳಿ. ಸಾಬೂನು ನೀರು, ಪ್ಲಾಸ್ಟಿಕ್ ಬ್ರಷ್. ಬಿಳಿ ಕಲೆಗೆ ವಿನೆಗರ್ ಅಥವಾ ಹುಣಸೆಹುಳಿ ಹಚ್ಚಿ ಉಜ್ಜಿ, ತಕ್ಷಣ ತೊಳೆಯಿರಿ. ತಂತಿ ಬ್ರಷ್ ಬೇಕೇಬೇಕು ಅಂದರೆ ಸ್ಟೇನ್‌ಲೆಸ್ ತಂತಿಯದು, ಹೊಸದು. ಕಬ್ಬಿಣಕ್ಕೆ ಬಳಸಿದ ಬ್ರಷ್ಷಿನಲ್ಲಿ ಕಬ್ಬಿಣದ ಚೂರು ಇರುತ್ತವೆ, ಅವು ಅಲ್ಯೂಮಿನಿಯಂ ಒಳಗೆ ಹೂತುಕೊಳ್ಳುತ್ತವೆ. ಗ್ರೈಂಡರ್ ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಕಬ್ಬಿಣ ಉಜ್ಜುವ ಕಲ್ಲಿನಲ್ಲಿ ಅಲ್ಯೂಮಿನಿಯಂ ಉಜ್ಜಬೇಡಿ. ಮೆತ್ತನೆ ಲೋಹ ಕಲ್ಲಿನ ಸಂದಿಗೆ ತುಂಬಿಕೊಂಡು ಕಲ್ಲು ಕಾಯುತ್ತದೆ, ಒಡೆಯಬಹುದು. ಇನ್ನೊಂದು: ಅಲ್ಯೂಮಿನಿಯಂ ಪುಡಿ ಮತ್ತು ಕಬ್ಬಿಣದ ತುಕ್ಕಿನ ಪುಡಿ ಸೇರಿದ ಧೂಳಿಗೆ ಕಿಡಿ ಬಿದ್ದರೆ ಏನಾಗುತ್ತದೆ ಅಂತ ರೈಲು ಹಳಿ ಬೆಸೆಯುವವರನ್ನು ಕೇಳಿ. ಅವರು ಹಳಿ ಕರಗಿಸುವುದೇ ಆ ಮಿಶ್ರಣದಿಂದ.

ತೊಳೆದಾದ ಮೇಲೆ ಸೋರಿಕೆ ಹುಡುಕುವುದು. ದೋಣಿಯನ್ನು ನೀರಿಗೆ ಬಿಟ್ಟು ಒಳಗೆ ಎಲ್ಲಿ ನೀರು ಬರುತ್ತದೆ ಅಂತ ನೋಡುವುದು ಸರಿಯಾದ ದಾರಿ ಅಲ್ಲ. ಒಳಗೆ ಬಂದ ನೀರು ಒಂದು ಕಡೆ ಹರಿದು ನಿಲ್ಲುತ್ತದೆ, ತೂತು ಎಲ್ಲಿದೆ ಗೊತ್ತಾಗುವುದಿಲ್ಲ. ತಿರುಗಾಮುರುಗಾ ಮಾಡಿ. ದೋಣಿಯನ್ನು ಹಳೆ ಲಾರಿ ಟೈರುಗಳ ಮೇಲೆ ಸಮವಾಗಿ ಕೂರಿಸಿ ಒಳಗೆ ನೀರು ತುಂಬಿ. ಹೊರಗೆ ಎಲ್ಲಿ ಹನಿ ಮೂಡುತ್ತದೋ ಅಲ್ಲಿ ಬಣ್ಣದ ಪೆನ್ಸಿಲಿನಿಂದ ಗುರುತು ಹಾಕಿ. ಒಂದು ಗೇಣಿಗಿಂತ ಜಾಸ್ತಿ ತುಂಬಬೇಡಿ. ನೀರು ಲೀಟರಿಗೆ ಒಂದು ಕಿಲೋ. ಹದಿನಾಲ್ಕು ಅಡಿ ದೋಣಿಯಲ್ಲಿ ಗೇಣುದ್ದ ನೀರು ಅಂದರೆ ನೂರಾರು ಕಿಲೋ. ಆಧಾರ ಸರಿ ಇಲ್ಲದಿದ್ದರೆ ತಳ ಜೋತು ಬೀಳುತ್ತದೆ, ಇಲ್ಲದ ಸೋರಿಕೆ ಶುರುವಾಗುತ್ತದೆ.

ಇಲ್ಲಿ ಒಬ್ಬರು ಕೇಳಿದರು, "ಸರ, ಇಷ್ಟೆಲ್ಲಾ ಯಾಕ್ರಿ? ತಳಕ್ಕ ಡಾಂಬರ್ ಹಚ್ಚಿಬಿಟ್ರ ಆಗಂಗಿಲ್ಲೇನು?" ಹರಿಗೋಲಿಗೆ ಆಗುತ್ತದೆ ಯಜಮಾನರೇ, ಇದಕ್ಕೆ ಆಗುವುದಿಲ್ಲ. ಹರಿಗೋಲಿನಲ್ಲಿ ಡಾಂಬರು ಚೀಲದ ನೂಲಿನ ಒಳಗೆ ಇಳಿದು ಹಿಡಿಯುತ್ತದೆ. ನುಣುಪು ತಗಡಿನ ಮೇಲೆ ಸುಮ್ನೆ ಕೂತಿರುತ್ತದೆ. ಬಂಡೆ ತಾಗಿದರೆ ಏಳುತ್ತದೆ, ಕೆಳಗೆ ನೀರು ಸೇರಿಕೊಳ್ಳುತ್ತದೆ, ಅಲ್ಲೇ ಗುಳಿ. ಸೋರಿಕೆ ಎಲ್ಲಿದೆ ಅನ್ನುವುದನ್ನೂ ಅದು ಮುಚ್ಚಿಡುತ್ತದೆ. ಎಂ-ಸೀಲ್ ಹಚ್ಚಿದವರೂ ಇದ್ದಾರೆ. ಅದು ಕಲ್ಲಿನಂತೆ ಗಟ್ಟಿಯಾಗುತ್ತದೆ, ದೋಣಿಯ ತಳ ಅಲೆಗೆ ಬಾಗುತ್ತದೆ, ಹಾಗಾಗಿ ಬಿರುಕು ಬಿಡುತ್ತದೆ. ಬಚ್ಚಲಮನೆಗೆ ಹಾಕುವ, ವಿನೆಗರ್ ವಾಸನೆ ಬರುವ ಸಿಲಿಕಾನ್ ಬೇಡವೇ ಬೇಡ. ಅದರಿಂದ ಬಿಡುವ ಹುಳಿ ಲೋಹಕ್ಕೆ ಆಗದು, ಅದರ ಮೇಲೆ ಬಣ್ಣವೂ ಹಿಡಿಯದು. ಬಾಗಿದರೂ ಬಿಡದ ಪಾಲಿಯುರಿಥೇನ್ ಸೀಲೆಂಟ್ ಬಸ್ಸಿನ ಬಾಡಿ ಕಟ್ಟುವವರ ಹತ್ತಿರ ಇರುತ್ತದೆ. ಅದನ್ನೇ ತನ್ನಿ.

ಸೋರಿಕೆಯಲ್ಲಿ ಬಹುಪಾಲು ಸಡಿಲ ರಿವಿಟ್ಟಿನದು. ತೂತು ಬಿದ್ದಿರುವುದಿಲ್ಲ, ರಿವಿಟ್ ಹಿಡಿತ ಬಿಟ್ಟಿರುತ್ತದೆ ಅಷ್ಟೇ. ಒಬ್ಬರು ಹೊರಗಿನಿಂದ ತಲೆಗೆ ಭಾರದ ಕಬ್ಬಿಣ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಒಳಗಿನಿಂದ ಬಾಲಕ್ಕೆ ಸುತ್ತಿಗೆಯಲ್ಲಿ ತಟ್ಟಬೇಕು. ಇಬ್ಬರ ಕೈಯೂ ಒಂದೇ ತಾಳಕ್ಕೆ ಬಂದರೆ ಎರಡು ಮೂರು ಏಟಿಗೆ ಬಿಗಿಯಾಗುತ್ತದೆ. ಪೂರ್ತಿ ಹೋಗಿದ್ದರೆ ತಲೆಯನ್ನು ಡ್ರಿಲ್ ಮಾಡಿ ತೆಗೆದು, ಹೊಸ ಅಲ್ಯೂಮಿನಿಯಂ ಘನ ರಿವಿಟ್ ಹಾಕಿ. ತಗಡಿನಿಂದ ಆಚೆ ಬಾಲ ಎಷ್ಟು ಉಳಿಯಬೇಕು? ರಿವಿಟ್ಟಿನ ದಪ್ಪದ ಒಂದೂವರೆ ಪಟ್ಟು. ಕಡಿಮೆಯಾದರೆ ಹಿಡಿಯುವುದಿಲ್ಲ, ಜಾಸ್ತಿಯಾದರೆ ಸೊಟ್ಟಗಾಗುತ್ತದೆ. ಹೊಡೆಯುವ ಮೊದಲು ತೂತಿಗೆ ಒಂದು ಹನಿ ಸೀಲೆಂಟ್.

ಗನ್ನಿನಲ್ಲಿ ಟಕ್ ಅಂತ ಹೊಡೆಯುವ ಪಾಪ್ ರಿವಿಟ್ ಸುಲಭ, ನಿಜ. ಆದರೆ ಮಾಮೂಲಿ ಪಾಪ್ ರಿವಿಟ್ಟಿನ ನಡುವೆ ತೂತು ಇರುತ್ತದೆ. ಒಳಗೆ ಉಳಿಯುವ ಮೊಳೆ ಕಬ್ಬಿಣದ್ದು. ಅಂದರೆ ಸೋರಿಕೆ ಮುಚ್ಚಲು ಹೋಗಿ ತೂತನ್ನೂ ತುಕ್ಕನ್ನೂ ಒಟ್ಟಿಗೆ ಹಾಕಿದ ಹಾಗೆ. ನೀರಿನ ಮಟ್ಟಕ್ಕಿಂತ ಕೆಳಗೆ ಅದು ಬೇಡ. ಕೈ ಹೋಗದ ಜಾಗ ಆದರೆ ತುದಿ ಮುಚ್ಚಿರುವ, ಮೊಳೆಯೂ ಅಲ್ಯೂಮಿನಿಯಮ್ಮಿನದೇ ಆಗಿರುವ ಜಾತಿ ಸಿಗುತ್ತದೆ, ಹುಡುಕಿ.

"ವೆಲ್ಡಿಂಗ್ ಮಾಡಿದ್ರೆ?" ಅಂತ ಹಿಂದಿನಿಂದ ಒಬ್ಬ ಹುಡುಗ ಕೇಳಿದ. ಒಳ್ಳೆ ಪ್ರಶ್ನೆ. ಬಳ್ಳಾರಿಯಲ್ಲಿ ಕಬ್ಬಿಣ ವೆಲ್ಡ್ ಮಾಡುವವರಿಗೆ ಬರ ಇಲ್ಲ. ಅಲ್ಯೂಮಿನಿಯಂ ಬೇರೆ ವಿದ್ಯೆ. ಲೋಹ ಕರಗುವುದು 660 ಡಿಗ್ರಿಗೆ. ಮೇಲಿನ ಆಕ್ಸೈಡ್ ಪೊರೆ ಕರಗಲು ಎರಡು ಸಾವಿರ ಡಿಗ್ರಿಗೂ ಜಾಸ್ತಿ ಬೇಕು. ಪೊರೆ ತೆಗೆಯದೆ ಕಾಯಿಸಿದರೆ ಒಳಗಿನ ಲೋಹ ಮೊದಲು ಕರಗಿ ದಬಕ್ ಅಂತ ಬೀಳುತ್ತದೆ. ಬಣ್ಣ ಬದಲಾಗಿ ಮುನ್ಸೂಚನೆಯನ್ನೂ ಕೊಡುವುದಿಲ್ಲ. ಅದಕ್ಕೆ ಆರ್ಗಾನ್ ಗ್ಯಾಸು, ಎಸಿ ಕರೆಂಟಿನ ಟಿಗ್ ಮಷಿನ್ನು, ಸರಿಯಾದ ಕಡ್ಡಿ ಎಲ್ಲ ಬೇಕು. ದೋಣಿಯ ತಗಡು ಸಾಮಾನ್ಯವಾಗಿ ಮೆಗ್ನೀಷಿಯಂ ಸೇರಿದ 5052 ಜಾತಿ. ಅದಕ್ಕೆ 5356 ಕಡ್ಡಿ ಒಗ್ಗುತ್ತದೆ. ವೆಲ್ಡ್ ಮಾಡಿದ ಸುತ್ತಲಿನ ಜಾಗ ಮೊದಲಿನಷ್ಟು ಗಟ್ಟಿ ಉಳಿಯುವುದಿಲ್ಲ. ಹಾಗಾಗಿ ಒಂದೂವರೆ ಮಿಲಿಮೀಟರಿನ ಹಳೆ, ಎಣ್ಣೆ ಕುಡಿದ ತಗಡಿಗೆ ನಾನು ವೆಲ್ಡ್ ಹೇಳುವುದಿಲ್ಲ. ಅದೇ ಲೋಹದ ತೇಪೆ ಕೊಟ್ಟು, ನಡುವೆ ಸೀಲೆಂಟ್ ಹಾಕಿ, ರಿವಿಟ್ ಹೊಡೆಯಿರಿ. ಬಸ್ಸಿನ ಬಾಡಿಗೆ ಕೈ ಕುದುರಿದವರಿಗೆ ಇದು ದಿನದ ಕೆಲಸ.

ತಗ್ಗುಗಳ ಬಗ್ಗೆ ಒಂದೇ ಮಾತು. ಸಣ್ಣ ತಗ್ಗನ್ನು ಹಾಗೇ ಬಿಡಿ. ಬಡಿದಷ್ಟೂ ಈ ಲೋಹ ಬಿರುಸಾಗುತ್ತದೆ, ಕೊನೆಗೆ ಸೀಳುತ್ತದೆ. ದೊಡ್ಡದಿದ್ದರೆ ಕೆಳಗೆ ಮರಳಿನ ಚೀಲ, ಮೇಲೆ ಮರದ ಸುತ್ತಿಗೆ.

ಈಗ ಹಿಂಬದಿಯ ಹಲಗೆ. ಎಂಜಿನ್ ಕೂರುವುದು ಇದರ ಮೇಲೆ. ಇದು ಕೊಳೆತಿರುವುದು ಹೊರಗಿನಿಂದ ಕಾಣುವುದಿಲ್ಲ, ತಗಡಿನ ಹೊದಿಕೆ ಇರುತ್ತದೆ. ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಿ. ಒಳ್ಳೆ ಮರ ಖಣಖಣ ಅನ್ನುತ್ತದೆ, ಕೊಳೆತದ್ದು ಡಬ್ ಅನ್ನುತ್ತದೆ. ಹಳೆ ಹಲಗೆಯನ್ನು ಒಡೆಯದೆ ತೆಗೆಯಿರಿ, ಹೊಸದಕ್ಕೆ ಅದೇ ಅಳತೆ. ಸಾಮಾನ್ಯವಾಗಿ ಒಂದೂವರೆ ಅಂಗುಲ ದಪ್ಪ ಬೇಕು. 19 ಮಿಲಿಮೀಟರಿನ ಎರಡು ಪ್ಲೈವುಡ್ ಅಂಟಿಸಿದರೆ ಆಯಿತು. ಅಂಗಡಿಯಲ್ಲಿ "ವಾಟರ್‌ಪ್ರೂಫ್ ಕೊಡಿ" ಅನ್ನಬೇಡಿ, ಎಲ್ಲವನ್ನೂ ವಾಟರ್‌ಪ್ರೂಫ್ ಅಂತಲೇ ಕೊಡುತ್ತಾರೆ. ಹಾಳೆಯ ಮೇಲೆ ಐಎಸ್ 710 ಅಂತ ಮುದ್ರೆ ಇದೆಯಾ ನೋಡಿ. ಅದು ಮರೈನ್ ಪ್ಲೈವುಡ್ಡಿನ ಗುರುತು. ಐಎಸ್ 303 ಅಂದರೆ ಮನೆಯ ಕಪಾಟಿಗೆ.

ಇಲ್ಲೊಂದು ತಿರುವು ಇದೆ. ಹುಳ ಹಿಡಿಯದಿರಲಿ ಅಂತ ಕೆಲವು ಮರ, ಪ್ಲೈವುಡ್ಡಿಗೆ ತಾಮ್ರ ಸೇರಿದ ಔಷಧಿ ಕುಡಿಸಿರುತ್ತಾರೆ. ಮರಕ್ಕೆ ಒಳ್ಳೆಯದು. ಅಲ್ಯೂಮಿನಿಯಮ್ಮಿಗೆ? ಮತ್ತೆ ಅದೇ ತಾಮ್ರದ ನೆರೆಹೊರೆ. ಅದಕ್ಕೇ ಹಲಗೆಯ ಆರೂ ಮೈಗೆ ಎಪಾಕ್ಸಿ (ಎರಡು ಭಾಗ ಬೆರೆಸಿದರೆ ಗಟ್ಟಿಯಾಗುವ ಅಂಟು) ಬಳಿಯಬೇಕು. ಒಂದು ಕೈ ಅಲ್ಲ, ಮೂರು ಕೈ. ಅಂಚಿಗೆ ಇನ್ನೂ ಜಾಸ್ತಿ, ಯಾಕೆಂದರೆ ಪ್ಲೈವುಡ್ ನೀರು ಕುಡಿಯುವುದು ಅಂಚಿನಿಂದ. ಬೋಲ್ಟಿನ ತೂತನ್ನು ಮೊದಲು ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಒಣಗಿದ ಮೇಲೆ ಅದರ ನಡುವೆ ಸರಿಯಾದ ಅಳತೆಯಲ್ಲಿ ಮತ್ತೆ ಕೊರೆಯಿರಿ. ಆಗ ಬೋಲ್ಟಿನ ಪಕ್ಕ ನೀರು ಇಳಿದರೂ ಮರಕ್ಕೆ ಮುಟ್ಟುವುದಿಲ್ಲ. ಬೇಸರದ ಕೆಲಸ ಇದು. ಆದರೆ ಹಲಗೆ ಕೊಳೆಯುವುದು ಇದನ್ನು ಬಿಟ್ಟವರ ದೋಣಿಯಲ್ಲೇ.

ಬಣ್ಣವನ್ನು ಬೇಗ ಮುಗಿಸುತ್ತೇನೆ. ಅಲ್ಯೂಮಿನಿಯಂ ಮೇಲೆ ನೇರವಾಗಿ ಬಣ್ಣ ನಿಲ್ಲುವುದಿಲ್ಲ. ಮೊದಲು ಎಚ್ (etch) ಪ್ರೈಮರ್, ಅಂದರೆ ಲೋಹವನ್ನು ಸ್ವಲ್ಪ ಕಚ್ಚಿ ಹಿಡಿಯುವ ತಳಬಣ್ಣ, ಆಮೇಲೆ ಎಪಾಕ್ಸಿ ಪ್ರೈಮರ್, ಆಮೇಲೆ ಬಣ್ಣ. ಉಜ್ಜಿದ ಮೇಲೆ ನಾಳೆ ಹಚ್ಚೋಣ ಅಂತ ಬಿಡಬೇಡಿ, ಅದೇ ದಿನ ಪ್ರೈಮರ್ ಬೀಳಲಿ. ನಮ್ಮ ರಾಯಚೂರು, ಬಳ್ಳಾರಿ ಬಿಸಿಲು 40 ಡಿಗ್ರಿ ದಾಟುತ್ತದೆ, ತಗಡು ಅದಕ್ಕಿಂತ ಜಾಸ್ತಿ ಕಾಯುತ್ತದೆ. ಮಧ್ಯಾಹ್ನ ಹೊಡೆದರೆ ಬಣ್ಣ ಹರಡುವ ಮೊದಲೇ ಒಣಗಿ ಒರಟಾಗುತ್ತದೆ. ಬೆಳಿಗ್ಗೆ ಮಾಡಿ. ಒಳಗೆ ತಿಳಿ ಬೂದು ಬಣ್ಣ ಇರಲಿ. ಅಚ್ಚ ಬಿಳಿ ಕಣ್ಣು ಕುಕ್ಕುತ್ತದೆ, ಕಡು ಬಣ್ಣ ಅಂಗಾಲು ಸುಡುತ್ತದೆ. ಲಾರಿಗೆ ಹೊಡೆಯುವ ಎರಡು ಡಬ್ಬಿ ಬೆರೆಸುವ ಬಣ್ಣ ಆದರೆ ಮಾಸ್ಕ್ ಇಲ್ಲದೆ ಸ್ಪ್ರೇ ಮಾಡಬೇಡಿ, ಬಾಯಿಗೆ ಕರವಸ್ತ್ರ ಕಟ್ಟಿಕೊಂಡರೆ ಅದು ಮಾಸ್ಕ್ ಅಲ್ಲ. ದೊಡ್ಡ ಹಡಗಿಗೆ ಪಾಚಿ ಹಿಡಿಯದಿರಲು ಹಚ್ಚುವ ತಾಮ್ರದ ಬಣ್ಣ ಯಾರಾದರೂ ಅಗ್ಗಕ್ಕೆ ಕೊಟ್ಟರೆ ತಗೋಬೇಡಿ. ಯಾಕೆ ಅಂತ ಈಗ ನೀವೇ ಹೇಳುತ್ತೀರಿ.

ಇಲ್ಲಿಯವರೆಗೆ ರಿಪೇರಿ. ಇನ್ನು ನಮಗೆ ಬೇಕಾದ ಹಾಗೆ ಮಾಡಿಕೊಳ್ಳುವ ವಿಷಯ. ಯೂಟ್ಯೂಬಿನಲ್ಲಿ ಅಮೆರಿಕದವರು ಹಳೆ ದೋಣಿಯ ಸೀಟು ಕಿತ್ತು, ಮೇಲೆ ಪ್ಲೈವುಡ್ ಅಟ್ಟ ಹಾಕಿ, ಕಾರ್ಪೆಟ್ ಹಾಸಿ, ತಿರುಗುವ ಕುರ್ಚಿ ಕೂರಿಸುವುದನ್ನು ಹುಡುಗರು ನೋಡಿರುತ್ತೀರಿ. ಚೆಂದ ಕಾಣುತ್ತದೆ. ಅವರಿಗೆ ಅದು ಸರಿ ಇರಬಹುದು. ಅವರು ನಿಂತುಕೊಂಡು ಗಾಳ ಎಸೆಯುತ್ತಾರೆ, ಶನಿವಾರ ಭಾನುವಾರದ ಮೋಜು. ನಮ್ಮವರು ಕೂತು ಅಥವಾ ಬಗ್ಗಿ ಒಂದು ಪಕ್ಕದಿಂದ ಬಲೆ ಎಳೆಯುತ್ತಾರೆ. ಭಾರ ಮೇಲೆ ಹೋದಷ್ಟೂ ದೋಣಿ ಹೊರಳುವುದು ಸುಲಭ. ಅದೂ ಒಂದು ಪಕ್ಕಕ್ಕೆ ಬಲೆಯ ಎಳೆತ ಇರುವಾಗ.

ಸೀಟಿನ ವಿಷಯದಲ್ಲಿ ನಾನು ಹಟಮಾರಿ. ಅಡ್ಡಲಾಗಿರುವ ಆ ಬೆಂಚು ಕೂರಲಿಕ್ಕೆ ಮಾತ್ರ ಅಲ್ಲ. ಎರಡು ಪಕ್ಕದ ತಗಡು ಒಳಗೆ ಮಡಚಿಕೊಳ್ಳದಂತೆ ಹಿಡಿದಿರುವುದು ಅದೇ. ಅದರ ಹೊಟ್ಟೆಯಲ್ಲಿ ತೇಲಿಸುವ ಫೋಮ್ ಇರುತ್ತದೆ. ಅಮೆರಿಕದಲ್ಲಿ 1972ರ ನಂತರ ಕಟ್ಟಿದ ಇಪ್ಪತ್ತು ಅಡಿಗಿಂತ ಚಿಕ್ಕ ಮೋಟಾರು ದೋಣಿಗಳಿಗೆ ಎಷ್ಟು ಜನ, ಎಷ್ಟು ತೂಕ ಅನ್ನುವ ಫಲಕ ಕಡ್ಡಾಯ. ನಿಮಗೆ ಸಿಕ್ಕ ದೋಣಿಯಲ್ಲಿ ಅದಿದ್ದರೆ ಬಣ್ಣ ಬಳಿದು ಮುಚ್ಚಬೇಡಿ. ಸೀಟು ಕಿತ್ತ ಮೇಲೆ ಆ ಫಲಕದ ಲೆಕ್ಕ ಸುಳ್ಳಾಗುತ್ತದೆ, ಅದೂ ನೆನಪಿರಲಿ.

ಫೋಮ್ ಲೆಕ್ಕ ಕಷ್ಟ ಏನಿಲ್ಲ, ಹುಡುಗರು ಬರೆದುಕೊಳ್ಳಿ. ನೂರು ಕಿಲೋ ಅಲ್ಯೂಮಿನಿಯಂ ಮುಳುಗಿದಾಗ ಸುಮಾರು 37 ಲೀಟರ್ ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಅಂದರೆ 37 ಕಿಲೋ ಭಾರವನ್ನು ನೀರೇ ಹೊರುತ್ತದೆ. ಉಳಿದ 63 ಕಿಲೋ ಹೊರಲು 63 ಲೀಟರ್ ಫೋಮ್ ಬೇಕು, ಫೋಮಿನ ಸ್ವಂತ ತೂಕಕ್ಕೆ ಇನ್ನೊಂದೆರಡು ಲೀಟರ್. ಎಂಜಿನ್ನಿಗೆ, ಬ್ಯಾಟರಿಗೆ ಬೇರೆ ಸೇರಿಸಿ. ಮಗುಚಿದ ದೋಣಿಯನ್ನು ಹಿಡಿದು ತೇಲುವ ಜನಕ್ಕೂ ಸೇರಿಸಿ. ಹಳೆ ದೋಣಿಯ ಫೋಮನ್ನು ತೆಗೆದು ಕೈಯಲ್ಲಿ ಹಿಂಡಿ ನೋಡಿ. ನೀರು ಬಂದರೆ ಅದು ತೇಲಿಸುವುದಿಲ್ಲ, ಮುಳುಗಿಸುತ್ತದೆ. ಥರ್ಮಾಕೋಲ್ ಅಗ್ಗ, ಹಾಕಬಹುದು. ಆದರೆ ಪೆಟ್ರೋಲ್ ಬಿದ್ದರೆ ಕರಗಿ ಅಂಟಾಗುತ್ತದೆ. ಎಂಜಿನ್ ಇರುವ ದೋಣಿಯಾದರೆ ಹಿಂದಿನ ಸೀಟಿನಲ್ಲಿ ಅದು ಬೇಡ. ಇಷ್ಟೆಲ್ಲ ಇದ್ದರೂ ಲೈಫ್ ಜಾಕೆಟ್ ಬೇಕೇ ಬೇಕು. ನಮಗೆ ಈಜು ಬರುತ್ತದೆ ಅನ್ನುವವರೇ ಅದನ್ನು ಹಾಕುವುದಿಲ್ಲ, ಅಲ್ವಾ?

ನಮ್ಮ ಕೆಲಸಕ್ಕೆ ಏನು ಬದಲಾವಣೆ ಬೇಕು? ನನಗೆ ಮೀನುಗಾರರು ಹೇಳಿದ್ದು ಒಂದೇ: ಬಲೆ ಸಿಕ್ಕಿಕೊಳ್ಳಬಾರದು. ಒಳಗೆ ಎದ್ದು ನಿಂತ ಪ್ರತಿ ಬೋಲ್ಟು, ಪ್ರತಿ ಕೊಕ್ಕೆ ಬಲೆಯ ಒಂದೊಂದು ಕಣ್ಣು ಹರಿಯುತ್ತದೆ. ಹೊಲಕ್ಕೆ ನೀರು ಬಿಡುವ ಕಪ್ಪು ಪೈಪನ್ನು ಉದ್ದಕ್ಕೆ ಸೀಳಿ ದೋಣಿಯ ಅಂಚಿಗೆ ತೊಡಿಸಿಬಿಡಿ. ಬಲೆ ಜಾರಿಕೊಂಡು ಬರುತ್ತದೆ, ಕೈಗೂ ಹಿತ. ಬೋಲ್ಟಿನ ತಲೆ ಒಳಗೆ, ನಟ್ಟು ಹೊರಗೆ ಬರಲಿ, ಆಗುವ ಕಡೆ. ಐಸ್ ಪೆಟ್ಟಿಗೆ ನಟ್ಟನಡುವೆ, ತಳಕ್ಕೆ ಹತ್ತಿರ. ನಿಲ್ಲಲು ತಳದಲ್ಲಿ ಚೆಕ್ಕರ್ ಅಲ್ಯೂಮಿನಿಯಂ ತಗಡು, ಅಂಟಿಸದೆ ಬಿಚ್ಚಿ ತೆಗೆಯುವಂತೆ. ಅದೇ ಲೋಹ, ಹಾಗಾಗಿ ಜಗಳ ಇಲ್ಲ. ನೆರಳಿಗೆ ಮೇಲೆ ತಾಡಪಾಲು ಕಟ್ಟಬೇಕು ಅನ್ನಿಸುತ್ತದೆ, ಬಿಸಿಲೇ ಹಾಗಿದೆ. ಗಾಳಿ ಬಂದಾಗ ಒಂದೇ ಎಳೆತಕ್ಕೆ ಬಿಚ್ಚುವ ಹಾಗೆ ಕಟ್ಟಿ, ಇಲ್ಲದಿದ್ದರೆ ಬೇಡ. ಸೀಟಿನ ಕವರು ಹೊಲಿಸಲು ಬಳ್ಳಾರಿಯ ಜೀನ್ಸ್ ಹೊಲಿಯುವವರಿಗಿಂತ ಬೇಕಾ? ದಪ್ಪ ರೆಕ್ಸಿನ್ ಅವರ ಮಷಿನ್ನಿಗೆ ಲೆಕ್ಕಕ್ಕೇ ಇಲ್ಲ. ಜೀನ್ಸಿಗೆ ಹೊಡೆಯುವ ತಾಮ್ರದ ಗುಂಡಿ ಮಾತ್ರ ಹೊಡೆಯಬೇಡಿ ಅಂತ ಮೊದಲೇ ಹೇಳಿ.

ವೈರಿಂಗ್ ವಿಷಯದಲ್ಲಿ ಎಚ್ಚರ. ನಮ್ಮ ಆಟೋ ಎಲೆಕ್ಟ್ರಿಷಿಯನ್ನುಗಳ ಕೈ ತಾನಾಗಿ ಮಾಡುವ ಒಂದು ಕೆಲಸ ಇದೆ: ಪ್ಲಸ್ಸಿಗೆ ವೈರು, ಮೈನಸ್ಸಿಗೆ ಬಾಡಿ. ಲಾರಿಯಲ್ಲಿ ಅದು ಸರಿ. ಅಲ್ಯೂಮಿನಿಯಂ ದೋಣಿಯಲ್ಲಿ ಬಾಡಿಗೆ ಅರ್ಥ್ ಕೊಟ್ಟರೆ ಕರೆಂಟು ನೀರಿಗೆ ಸೋರಿ, ತಗಡು ಬೇಗಬೇಗ ಸವೆಯುತ್ತದೆ. ಪ್ರತಿ ದೀಪಕ್ಕೂ ಎರಡು ವೈರು ಎಳೆಸಿ. ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಲಿ. ಬ್ಯಾಟರಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಲಿ, ಆ್ಯಸಿಡ್ ಚೆಲ್ಲಿದರೆ ತಳ ಉಳಿಯಬೇಕಲ್ಲ.

ಎಂಜಿನ್ ಕೊಳ್ಳುವಾಗ ಎಚ್‌ಪಿಗಿಂತ ಮೊದಲು ಅದರ ಕಾಲಿನ, ಅಂದರೆ ನೀರಿಗೆ ಇಳಿಯುವ ಕೆಳಭಾಗದ, ಉದ್ದ ನೋಡಿ. 15 ಅಂಗುಲದ್ದು, 20 ಅಂಗುಲದ್ದು ಅಂತ ಬರುತ್ತವೆ. ನಿಮ್ಮ ಹಿಂಬದಿ ಹಲಗೆಯ ಎತ್ತರಕ್ಕೆ ಅದು ಹೊಂದಬೇಕು. ಉದ್ದ ಜಾಸ್ತಿಯಾದರೆ ಹೂಳಿನಲ್ಲಿ ಬೊಡ್ಡೆಗೆ ಬಡಿಯುತ್ತದೆ, ಕಡಿಮೆಯಾದರೆ ಗಾಳಿ ಕಡಿದು ಸುಮ್ನೆ ಅರಚುತ್ತದೆ. ಬ್ಯಾಟರಿ ಮೋಟಾರು ಚೆನ್ನಾಗಿದೆ, ಸದ್ದಿಲ್ಲ. 12 ವೋಲ್ಟಿನ ದೊಡ್ಡ ಮೋಟಾರು ಪೂರ್ತಿ ವೇಗದಲ್ಲಿ 50 ಆಂಪಿಯರ್ ಎಳೆಯುತ್ತದೆ. 100 ಆಂಪಿಯರ್ ಅವರ್ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಅಂದರೆ ಪೂರ್ತಿ ವೇಗದಲ್ಲಿ ಒಂದು ಗಂಟೆ. ಗಾಳಿಗೆ ಎದುರಾಗಿ ವಾಪಸ್ ಬರುವ ಲೆಕ್ಕ ಹಾಕಿಕೊಂಡೇ ಹೊರಡಿ, ಹುಟ್ಟು ಜೊತೆಗಿರಲಿ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ನದಿ 2015ರಿಂದ ನೀರುನಾಯಿಗಳ ಸಂರಕ್ಷಣಾ ಪ್ರದೇಶ. ಅಲ್ಲಿ ಪೆಟ್ರೋಲ್ ಎಂಜಿನ್ ಅಬ್ಬರ ಬೇಡ ಅಂತ ನನ್ನ ಮನವಿ. ಮತ್ತೆ, ಎಂಜಿನ್ ಹಾಕಿದ ಮೇಲೆ ದೋಣಿಗೆ ಕಾನೂನೂ ಬರುತ್ತದೆ. 1917ರ ಹಳೆ ಕಾಯ್ದೆಯ ಜಾಗಕ್ಕೆ 2021ರ ಒಳನಾಡು ಹಡಗುಗಳ ಕಾಯ್ದೆ ಬಂದಿದೆ. ನೋಂದಣಿ ಬಗ್ಗೆ ಮೊದಲೇ ವಿಚಾರಿಸಿ, ಆಮೇಲೆ ಖರ್ಚು ಮಾಡಿ.

ಕೊನೆಗೆ ಒಬ್ಬ ಅಜ್ಜ ಎದ್ದು ಕೇಳಿದರು, "ತಮ್ಮಾ, ಎಲ್ಲಾ ಖರೆ. ಆದ್ರ ಯಾವ ದೋಣಿ ತಗೋಬೇಕು, ಯಾವುದು ಬಿಡಬೇಕು ಅಂತ ಹೆಂಗ ಗೊತ್ತಾಗ್ತದ?"

ಅಜ್ಜಾರ, ಹಲಗೆ ಕೊಳೆತಿದ್ದರೆ, ರಿವಿಟ್ ಸಡಿಲವಾಗಿದ್ದರೆ, ಬಣ್ಣ ಹೋಗಿದ್ದರೆ ಧೈರ್ಯವಾಗಿ ತಗೊಳ್ಳಿ. ತಳದ ನಡುಗೆರೆಯ ಉದ್ದಕ್ಕೂ ಗುಳಿ ಬಿದ್ದು, ಸೂಜಿ ಚುಚ್ಚಿದರೆ ಆಚೆ ಬರುವಂತಿದ್ದರೆ ಬೇಡ. ಹಿಂಬದಿ ಮೂಲೆಗಳಲ್ಲಿ ತಗಡು ಸೀಳಿದ್ದು, ಅದರ ಮೇಲೆ ಯಾರೋ ಗುಡ್ಡೆಗುಡ್ಡೆಯಾಗಿ ವೆಲ್ಡ್ ಸುರಿದಿದ್ದರೂ ಬೇಡ. ಅಂಥದ್ದು ಈಗಾಗಲೇ ನಿಮ್ಮ ಮನೆ ಹಿಂದೆ ಬಿದ್ದಿದ್ದರೆ ಗುಜರಿಗೆ ಹಾಕಿ, ಬೇಸರ ಮಾಡಿಕೊಳ್ಳಬೇಡಿ. ಅದಿರಿನಿಂದ ಹೊಸ ಅಲ್ಯೂಮಿನಿಯಂ ತೆಗೆಯಲು ಬೇಕಾಗುವ ಶಕ್ತಿಯಲ್ಲಿ ಸುಮಾರು ನೂರಕ್ಕೆ ಐದು ಪಾಲು ಸಾಕು, ಹಳೆಯದನ್ನು ಕರಗಿಸಲು. ಅದಕ್ಕೇ ಗುಜರಿಯವರು ಅದನ್ನು ಬಿಡುವುದಿಲ್ಲ. ಕಾಟಾಕ್ಕೆ ಹಾಕುವ ಮೊದಲು ಮಾತ್ರ ಕಬ್ಬಿಣದ ಬೋಲ್ಟು, ಹಿತ್ತಾಳೆ ಬಿರಡೆ ಎಲ್ಲ ಬಿಚ್ಚಿ ಬೇರೆ ಇಡಿ. ಇಲ್ಲದಿದ್ದರೆ "ಮಿಕ್ಸ್ ಮಾಲು" ಅಂತ ಹೇಳಿ ರೇಟು ಇಳಿಸುತ್ತಾರೆ.